ಟವೆಲಿನಡಿಯ ಅರ್ಧ ಬೆರಳು

“ಸಾಫ್ಟ್‌ವೇರ್ ಕೊಂಡಿಯವರದ್ದೇ ಚೆನ್ನಾಗಿತ್ತು ಮೇಡಂ. ಯಾರ ಮುಂದೆ ಬೇಕಾದ್ರೂ ಹೇಳ್ತೀನಿ. ಆದ್ರೆ ನಾಳೆ ಏನಾದ್ರೂ ಕೆಟ್ಟರೆ, ಕೋಲಾರದ ಪುಟ್ಟ ಕಂಪನೀನ ಯಾಕೆ ನಂಬಿದೆ ಅಂತ ನನ್ನ ಕುತ್ತಿಗೆ ಹಿಡೀತಾರೆ. ಗಗನಜಾಲದಿಂದ ತಗೊಂಡು ಕೆಟ್ಟರೆ ಗಗನಜಾಲದವರನ್ನ ಬೈಕೊಂಡು ಸುಮ್ಮನಾಗ್ತಾರೆ.”

ಇಷ್ಟು ಹೇಳಿ ಉಮಾಶಂಕರ್ ಟೀ ಲೋಟವನ್ನು ಭಾರತಮ್ಮನ ಕಡೆಗೆ ಸರಿಸಿದ. ಮಾಲೂರಿನ ಕೈಗಾರಿಕಾ ಪ್ರದೇಶದ ಆ ಬಿಡಿಭಾಗಗಳ ಕಾರ್ಖಾನೆಯಲ್ಲಿ ಕಂಪ್ಯೂಟರಿನಿಂದ ಕಸಬರಿಕೆಯವರೆಗೆ ಏನು ಕೊಳ್ಳಬೇಕಾದರೂ ಅವನ ಸಹಿ ಬೇಕು. ಅಂಥವನು ಕಣ್ಣು ತಪ್ಪಿಸಿ ಮಾತಾಡುತ್ತಿದ್ದಾನೆಂದರೆ ಒಂದೋ ಸುಳ್ಳು ಹೇಳುತ್ತಿರಬೇಕು, ಇಲ್ಲವೇ ನಿಜ ಹೇಳಿ ನಾಚಿಕೊಂಡಿರಬೇಕು. ಇವನದು ಎರಡನೆಯದು ಎಂದು ಭಾರತಮ್ಮನಿಗೆ ಅನ್ನಿಸಿತು.

ಪೊಲೀಸ್ ಇಲಾಖೆಯಿಂದ ಸಬ್ ಇನ್ಸ್‌ಪೆಕ್ಟರಾಗಿ ನಿವೃತ್ತಳಾದ ಮೇಲೆ, ಮೊಮ್ಮಕ್ಕಳನ್ನು ಆಡಿಸಿಕೊಂಡಿರು ಎಂದವರ ಮಾತನ್ನು ಕಿವಿಗೆ ಹಾಕಿಕೊಳ್ಳದೆ ಕೋಲಾರದ ಬೇಕರಿಯೊಂದರ ಮಹಡಿಯಲ್ಲಿ ಪತ್ತೇದಾರಿ ಬೋರ್ಡು ತಗುಲಿಸಿ ಕೂತ ಹೆಂಗಸು ಅವಳು. ಹುತ್ತೂರಿನ ರೇಷ್ಮೆ ಸಾಕುವ ಮನೆಯಲ್ಲಿ ಹುಟ್ಟಿದವಳು. ಹಣ್ಣಾದ ಹುಳುವನ್ನು ತಟ್ಟೆಯಿಂದ ಆರಿಸಿ ತೆಗೆಯುವ ಹಾಗೆ ಜನರ ಮಾತನ್ನೂ ಆರಿಸುವ ಚಾಳಿ ಅವಳಿಗೆ ಅಲ್ಲಿಂದಲೇ ಅಂಟಿಕೊಂಡಿತ್ತು.

ಕೊಂಡಿ ಕಂಪನಿಯ ಮಾರ್ಕೆಟಿಂಗ್ ನೋಡಿಕೊಳ್ಳುತ್ತಿದ್ದ ಮುರಳಿಮೋಹನ ಕಾಣೆಯಾಗಿ ವಾರವಾಗಿತ್ತು. ಅವನು ಕಂಪನಿಯ ಗುಟ್ಟನ್ನು ಗಗನಜಾಲಕ್ಕೆ ಮಾರಿಕೊಂಡು ಓಡಿಹೋಗಿದ್ದಾನೆ ಎಂಬ ವರದಿಗೆ ಭಾರತಮ್ಮ ಇವತ್ತು ಸಂಜೆಯೊಳಗೆ ಸಹಿ ಹಾಕಿ ಕಂಪನಿಗೆ ಕೊಡಬೇಕಿತ್ತು. ಸಹಿ ಬಿದ್ದರೆ ಪೊಲೀಸರಿಗೆ ಕಳ್ಳತನದ ದೂರು ಹೋಗುತ್ತದೆ. ಆ ಮನುಷ್ಯ ಬದುಕಿದ್ದರೂ ಸತ್ತಿದ್ದರೂ ಕಳ್ಳನೇ. ಸಹಿ ಹಾಕುವ ಮುನ್ನ ಕೊನೆಯ ಸಲ ಎಲ್ಲವನ್ನೂ ಕೆದಕಿ ನೋಡಿಬಿಡೋಣವೆಂದು ಅವಳು ಬೆಳಗ್ಗೆಯೇ ಹೊರಟಿದ್ದಳು.

ಕೊಂಡಿಯ ಕಥೆ ದೊಡ್ಡದಲ್ಲ. ಶ್ರೀನಿವಾಸಪುರದ ಮಾವಿನ ಮಂಡಿ ಹಬೀಬುಲ್ಲಾ ಅವರ ಮಗಳು ನಿಶಾತ್ ಅದರ ಒಡತಿ. ಸಾಫ್ಟ್‌ವೇರ್ ಬರೆದವನು ಲಕ್ಕೂರಿನ ಶಿವಶಂಕರ್. ಒಂದು ಇಂಟರ್ನೆಟ್ ಲೈನು ಸತ್ತರೆ ಕೆಲಸವನ್ನು ಇನ್ನೊಂದಕ್ಕೆ ತಾನೇ ದಾಟಿಸಿ, ನಾಲ್ಕು ಊರಿನ ಕಚೇರಿಗಳನ್ನು ಒಂದೇ ಮನೆಯಲ್ಲಿದ್ದ ಹಾಗೆ ಬೆಸೆದಿಡುವ ಸಾಫ್ಟ್‌ವೇರ್ ಅದು. ಮಾಲು ಗಟ್ಟಿ, ಆದರೆ ಎದುರಾಳಿ ಗಗನಜಾಲ. ಹೆದ್ದಾರಿಯುದ್ದಕ್ಕೂ ಅವರದೇ ಫಲಕ, ದೊಡ್ಡ ದೊಡ್ಡ ಕಾರ್ಖಾನೆಗಳಲ್ಲೆಲ್ಲ ಅವರದೇ ಡಬ್ಬಿ. ಕೊಂಡಿಯವರು ಹೋದ ಕಡೆಯೆಲ್ಲ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ, ಇದನ್ನು ಇನ್ಯಾರು ಇಟ್ಟುಕೊಂಡಿದ್ದಾರೆ ಅಂತ. ತೋರಿಸಲು ಒಬ್ಬ ದೊಡ್ಡ ಗಿರಾಕಿ ಬೇಕು. ಆ ಒಬ್ಬನೂ ಇದನ್ನೇ ಕೇಳಿ ವಾಪಸು ಕಳಿಸುತ್ತಿದ್ದ.

ಆ ಗಂಟು ಬಿಡಿಸಲು ಉಪಾಯ ಹೂಡಿದವನೇ ಮುರಳಿ. ಗಗನಜಾಲ ಎಷ್ಟೇ ದೊಡ್ಡದಾಗಲಿ, ಅದರ ಜನ ಕೂತಿರುವುದು ಬೆಂಗಳೂರಿನಲ್ಲಿ. ಕೆಟ್ಟಾಗ ಫೋನಿನಲ್ಲಿ ಒಂದು ಒತ್ತಿ ಎರಡು ಒತ್ತಿ ಎಂದು ಹಾಡು ಹಾಕಿ ಕೂರಿಸುತ್ತಾರೆ. ಕೊಂಡಿ ಇಲ್ಲೇ ಇದೆ. ಹಾಗಾಗಿ ಬೆಲೆಯ ಜಗ್ಗಾಟವೇ ಬೇಡ. ಕೆಟ್ಟರೆ ಇಂತಿಷ್ಟು ಗಂಟೆಯೊಳಗೆ ನಮ್ಮ ಮನುಷ್ಯ ನಿಮ್ಮ ಬಾಗಿಲಲ್ಲಿರುತ್ತಾನೆ ಎಂದು ಬರೆದುಕೊಡೋಣ ಎಂದ. ಎಷ್ಟು ಗಂಟೆ ಎನ್ನುವುದೊಂದೇ ಗುಟ್ಟು.

ಆ ಗುಟ್ಟು ನಿಲ್ಲಲಿಲ್ಲ. ಮೊದಲ ಗಿರಾಕಿಗೆ ಇವರು ಆರು ಗಂಟೆ ಎಂದು ಹೇಳಲು ಹೋದರೆ ಗಗನಜಾಲದವನು ಆಗಲೇ ಐದೂವರೆ ಎಂದು ಹೋಗಿದ್ದ. ಎರಡನೆಯ ಕಡೆ ಇವರದು ಐದು, ಅವನದು ನಾಲ್ಕೂವರೆ. ಮೂರನೆಯದೇ ಉಮಾಶಂಕರನ ಈ ಕಾರ್ಖಾನೆ.

“ಆವತ್ತು ಇಲ್ಲಿ ಏನು ನಡೀತು ಅಂತ ಇನ್ನೊಂದು ಸಲ ಹೇಳಿ,” ಎಂದಳು ಭಾರತಮ್ಮ.

ಉಮಾಶಂಕರ್ ಹೇಳಿದ. ಬೆಳಗ್ಗೆ ಮೊದಲು ಬಂದವನು ಗಗನಜಾಲದವನು. ಇದೇ ಕುರ್ಚಿಯಲ್ಲಿ ಕೂತು, ನಮ್ಮವರು ಎರಡು ಗಂಟೆಯಲ್ಲಿ ಬಾಗಿಲಲ್ಲಿರುತ್ತಾರೆ, ಇದಕ್ಕಾಗಿ ಮಾಲೂರಿನಲ್ಲೇ ಒಬ್ಬನನ್ನು ಇಡುತ್ತೇವೆ ಎಂದನಂತೆ. ಅವನು ಹೋದ ಮೇಲೆ ಮುರಳಿ ಬಂದು, ಕಣ್ಣೆದುರಿಗೇ ಜೇಬಿನಿಂದ ಪೆನ್ನು ತೆಗೆದು ಮೂರು ಗಂಟೆ ಎಂದು ಬರೆದನಂತೆ.

“ಎರಡು ಅಂತ ಆಗ್ಲೇ ಒಬ್ಬರು ಹೇಳಿ ಹೋದ್ರು ಅಂದೆ. ಮುರಳಿ ಮುಖ ಸುಣ್ಣ ಆಯ್ತು ಮೇಡಂ. ನೀರು ಕೇಳಿದ್ರು, ಕುಡಿಯೋಕೂ ಆಗದ ಹಾಗೆ ಕೆಮ್ಮು. ಹಾಗೇ ಎದ್ದು ಹೋದ್ರು.”

“ಎರಡೂವರೆ ಅಲ್ಲ ತಾನೆ? ಎರಡೇ?”

“ಎರಡೇ. ಬರೆದುಕೊಟ್ಟಿದ್ದಾರೆ.”

ಬಾಗಿಲವರೆಗೆ ಬೀಳ್ಕೊಡಲು ಬಂದ ಉಮಾಶಂಕರ್, ಹೇಳಲೋ ಬೇಡವೋ ಎಂಬಂತೆ ಕತ್ತು ಕೆರೆದುಕೊಂಡು ಇನ್ನೊಂದು ಮಾತನ್ನೂ ಹೇಳಿದ. ಗಗನಜಾಲದವನು ಹೋಗುವಾಗ ನಕ್ಕನಂತೆ. ಕೊಂಡಿಯ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, ಕೈಯಲ್ಲಿ ಗಿರಾಕಿ ಇಲ್ಲದ ದಿನ ಅದೇ ನಮ್ಮ ಮನೆಗೆ ಬರುತ್ತದೆ, ಮಾತುಕತೆ ನಡೆಯುತ್ತಿದೆ ಎಂದನಂತೆ. ಯಾರ ಜೊತೆ ಮಾತುಕತೆ ಎಂದು ಉಮಾಶಂಕರ್ ಕೇಳಿರಲಿಲ್ಲ. ಕೇಳಬೇಕಿತ್ತು ಎಂದು ಈಗ ಅವನಿಗೂ ಅನ್ನಿಸುತ್ತಿತ್ತು.

ಹೊರಗೆ ಬೆಳಗಿನಿಂದ ಹಿಡಿದ ತುಂತುರು ಬಿಟ್ಟಿರಲಿಲ್ಲ. ಚೆನ್ನೈ ಕಡೆ ವಾಯುಭಾರ ಕುಸಿದರೆ ಕೋಲಾರದ ಜನಕ್ಕೆ ಸೂರ್ಯನ ಮುಖ ಕಾಣದು. ಬಟ್ಟೆ ಒಣಗದು, ಮನಸ್ಸೂ ಒಣಗದು. ಭಾರತಮ್ಮ ತನ್ನ ಹಳೆಯ ಮಾರುತಿ ವ್ಯಾನಿನಲ್ಲಿ ಕೂತು ಕೀಲಿಗಾಗಿ ಕೈಚೀಲ ತಡಕಿದಳು. ಕೈಗೆ ಸಿಕ್ಕಿದ್ದು ನೀಲಿ ಇನ್‌ಹೇಲರ್.

ಅದನ್ನು ಕೊಟ್ಟವಳು ಮುರಳಿಯ ಹೆಂಡತಿ ಸುನಂದ. ಬೆಳಗ್ಗೆ ಮುಳಬಾಗಿಲಿನ ಅವರ ಮನೆಗೆ ಹೋದಾಗ ಆಕೆ ಅಳಲಿಲ್ಲ, ಬೈಯಲಿಲ್ಲ. ಹಾಲಿನ ಡೇರಿಯ ಸಾಲಿನಲ್ಲಿ ನಿಂತರೆ ಅಕ್ಕಪಕ್ಕದವರು ದೂರ ಸರಿಯುತ್ತಾರೆ ಎಂದಷ್ಟೇ ಹೇಳಿ, ಒಳಗಿನಿಂದ ಇದನ್ನು ತಂದು ಭಾರತಮ್ಮನ ಕೈಯಲ್ಲಿಟ್ಟಳು.

“ಚಳಿ ಬಿತ್ತು ಅಂದ್ರೆ ಇದಿಲ್ದೆ ಅವರಿಗೆ ಉಸಿರು ಕಟ್ಟುತ್ತೆ ಅಕ್ಕ. ಓಡಿಹೋಗೋರು ಇದನ್ನ ಬಿಟ್ಟು ಹೋಗ್ತಾರಾ? ಸಿಕ್ಕಿದ್ರೆ ಮೊದಲು ಇದನ್ನ ಕೊಡಿ. ಮಿಕ್ಕಿದ್ದು ಆಮೇಲೆ ಕೇಳಿ.”

ಭಾರತಮ್ಮ ಅದನ್ನು ಚೀಲಕ್ಕೆ ಮರಳಿಸಿದಳು. ವ್ಯಾನು ಶುರು ಮಾಡುವಷ್ಟರಲ್ಲಿ ನಿಶಾತಳ ಫೋನು ಬಂತು.

ಹುಡುಗಿಯ ದನಿ ಯಾವಾಗಲೂ ಸಿಹಿ. ಸಂಜೆ ವರದಿ ಕೈಸೇರುತ್ತದಲ್ಲವೇ ಎಂದು ಕೇಳಿದಳು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ನಾಲ್ಕೂ ಕಡೆ ಶೀತಲಗೃಹ ಇಟ್ಟುಕೊಂಡವರು ನಾಳೆ ತೀರ್ಮಾನಕ್ಕೆ ಕೂರುತ್ತಾರೆ. ಕೊಂಡಿಗೆ ಉಳಿದಿರುವ ಗಿರಾಕಿ ಅವರೊಬ್ಬರೇ. ಗುಟ್ಟು ಸೋರುವ ಕಂಪನಿಗೆ ನಮ್ಮ ಲೈನು ಕೊಡುವುದಿಲ್ಲ ಎಂದು ಅವರು ಮುಖಕ್ಕೆ ಹೊಡೆದ ಹಾಗೆ ಹೇಳಿದ್ದಾರೆ. ಕಳ್ಳ ಯಾರೆಂದು ಗೊತ್ತಾಯಿತು, ಮನೆ ಗುಡಿಸಿದ್ದೇವೆ ಎಂದು ತೋರಿಸಲೇಬೇಕು ಎಂದಳು.

“ಮುರಳಿ ಸುದ್ದಿ ಏನಾದ್ರೂ ಸಿಕ್ತಾ ಆಂಟಿ?”

“ಇನ್ನೂ ಇಲ್ಲಮ್ಮ.”

ನಿಶಾತಳ ದನಿಯ ಹಿಂದೆ ಏನೋ ಕರ್ರ್ ಕರ್ರ್ ಎಂದು ಉಜ್ಜುವ ಸದ್ದು. ಅದರ ನಡುವೆ ಒಂದು ಕೆಮ್ಮು, ಎದೆಯಾಳದ್ದು.

ಜೊತೆಗೆ ಯಾರಿದ್ದಾರೆ ಎಂದು ಭಾರತಮ್ಮ ಸುಮ್ಮನೆ ಕೇಳಿದಳು. ಯಾರೂ ಇಲ್ಲ, ಆಫೀಸಿನಲ್ಲಿದ್ದೇನೆ ಎಂದ ನಿಶಾತ್, ಕ್ಷಣ ಬಿಟ್ಟು, ಒಳಗೆ ಶಿವಶಂಕರ್ ಇರಬೇಕು, ಅವನಿಗೂ ನೆಗಡಿ ಎಂದಳು. ಈ ಹಾಳು ಹವೆಗೆ ಇಡೀ ಜಿಲ್ಲೆಯೇ ಕೆಮ್ಮುತ್ತಿದೆ ಎಂದುಕೊಂಡು ಭಾರತಮ್ಮ ಫೋನಿಟ್ಟಳು.

ಟೇಕಲ್ ಮೇಲಿನ ದಾರಿ ಹಿಡಿದಳು. ಮುರಳಿಯ ಬೈಕು ಸಿಕ್ಕಿದ್ದು ಇಲ್ಲಿಯ ರೈಲು ನಿಲ್ದಾಣದ ಹೊರಗೆ. ರೈಲು ಹತ್ತಿ ಹೋಗಿದ್ದಾನೆ ಎಂದು ಪೊಲೀಸರು ಕೈತೊಳೆದುಕೊಂಡಿದ್ದರು. ಬೆಟ್ಟದ ತಲೆ ಮೋಡದಲ್ಲಿ ಮುಳುಗಿತ್ತು. ರಸ್ತೆಯಲ್ಲಿ ನರಪಿಳ್ಳೆ ಇರಲಿಲ್ಲ. ಭಾರತಮ್ಮ ನಿಧಾನವಾಗಿ ವ್ಯಾನು ಓಡಿಸುತ್ತ ಎರಡು ಗಂಟೆ ಎಂಬ ಮಾತನ್ನೇ ಮೆಲುಕು ಹಾಕಿದಳು.

ಆರಕ್ಕೆ ಐದೂವರೆ. ಐದಕ್ಕೆ ನಾಲ್ಕೂವರೆ. ಗಗನಜಾಲದವನು ಗೆಲ್ಲಲು ಬೇಕಾದಷ್ಟನ್ನೇ ಬಿಟ್ಟುಕೊಡುವ ಜಿಪುಣ. ಪ್ರತಿ ಸಲವೂ ಅರ್ಧ ಗಂಟೆ ಇಳಿಸಿ ಗಿರಾಕಿಯನ್ನು ಎತ್ತಿಕೊಂಡು ಹೋಗಿದ್ದ. ಹಾಗಿದ್ದ ಮೇಲೆ ಮೂರಕ್ಕೆ ಎರಡೂವರೆ ಎಂದರೆ ಸಾಕಾಗಿತ್ತು. ಎರಡು ಎಂದು ಹೇಳಿ, ಮಾಲೂರಿನಲ್ಲಿ ಒಬ್ಬ ಆಳನ್ನು ಇಡುವ ಖರ್ಚನ್ನು ಯಾಕೆ ಮೈಮೇಲೆ ಎಳೆದುಕೊಂಡ?

ಅವನ ಕಿವಿಗೆ ಬಿದ್ದದ್ದು ಮೂರಲ್ಲ. ಎರಡೂವರೆ.

ಭಾರತಮ್ಮ ವ್ಯಾನನ್ನು ರಸ್ತೆಯ ಪಕ್ಕಕ್ಕೆ ಹಾಕಿ ನಿಲ್ಲಿಸಿದಳು. ಮುರಳಿಯೇ ಮಾರಿದ್ದರೆ ಮೂರು ಎಂದು ಮಾರುತ್ತಿದ್ದ. ಅವನಿಗೆ ಗೊತ್ತಿದ್ದದ್ದು ಮೂರು, ಅವನು ಬರೆದದ್ದೂ ಮೂರು. ಎರಡೂವರೆ ಎಂದು ತಿಳಿದುಕೊಂಡವರು ಬೇರೆ ಯಾರೋ ಇದ್ದಾರೆ.

ಆದರೆ ಆ ಸಂಖ್ಯೆ ಗೊತ್ತಿದ್ದದ್ದೇ ಇಬ್ಬರಿಗೆ. ಎರಡು ಸಲ ಸೋರಿದ ಮೇಲೆ ನಿಶಾತಳೇ ಒಂದು ಕಟ್ಟಳೆ ಮಾಡಿದ್ದಳು. ಇನ್ನು ಮೇಲೆ ಗಂಟೆಯ ಲೆಕ್ಕ ಆಫೀಸಿನಲ್ಲಿ ಯಾರಿಗೂ ತಿಳಿಯಬಾರದು, ಶಿವಶಂಕರನಿಗೂ ಬೇಡ, ನನಗೂ ಬೇಡ. ಅಬ್ಬಾ ಮತ್ತು ಮುರಳಿ ಕೂತು ತೀರ್ಮಾನಿಸಲಿ ಎಂದು. ಫೋನನ್ನೂ ನಂಬದ ಹಬೀಬುಲ್ಲಾ ತಮಗೆ ಗೊತ್ತಿದ್ದ ದಾರಿ ಹಿಡಿದರು. ಮಂಡಿಯಲ್ಲಿ ಹತ್ತು ಜನರ ಎದುರಿಗೇ ಮುರಳಿಯ ಕೈಮೇಲೆ ಟವೆಲ್ ಹಾಕಿ, ಅದರ ಕೆಳಗೆ ಬೆರಳಿನಲ್ಲಿ ಹೇಳಿದರು. ಟವೆಲನ್ನು ಎಲ್ಲರೂ ನೋಡಿದರು, ಸಂಖ್ಯೆಯನ್ನು ಯಾರೂ ನೋಡಲಿಲ್ಲ. ಇಬ್ಬರಲ್ಲಿ ಒಬ್ಬರು ಒಡತಿಯ ತಂದೆ, ಇನ್ನೊಬ್ಬ ಪರಾರಿ. ಲೆಕ್ಕ ಇಷ್ಟು ಸಲೀಸಾಗಿದ್ದಾಗಲೇ ಭಾರತಮ್ಮ ಅದನ್ನು ಇನ್ನೊಮ್ಮೆ ಕೂಡಿ ನೋಡುವುದು.

ಶ್ರೀನಿವಾಸಪುರದ ಮಂಡಿ ಈ ಕಾಲದಲ್ಲಿ ಮದುವೆ ಮುಗಿದ ಛತ್ರ. ಸುಗ್ಗಿಯಲ್ಲಿ ಕಾಲಿಡಲು ಜಾಗವಿಲ್ಲದ ಅಂಗಳದಲ್ಲಿ ಖಾಲಿ ಕ್ರೇಟುಗಳು ಸೂರಿನೆತ್ತರ ನಿಂತಿದ್ದವು. ಕೊಳೆತ ಹುಲ್ಲಿನ ವಾಸನೆ. ಒಂದೇ ಒಂದು ಬಲ್ಬಿನ ಕೆಳಗೆ ಹಲಗೆಯ ಮಂಚದ ಮೇಲೆ ಹಬೀಬುಲ್ಲಾ ಶಾಲು ಹೊದ್ದು ಕೂತಿದ್ದರು. ಭಾರತಮ್ಮ ಈ ಊರಿನ ಠಾಣೆಯಲ್ಲಿದ್ದ ಕಾಲದಿಂದ ಅವರನ್ನು ಬಲ್ಲಳು. ಇಷ್ಟು ಮುದುಕರಾಗಿ ಅವರು ಅವಳಿಗೆ ಎಂದೂ ಕಂಡಿರಲಿಲ್ಲ.

“ಬನ್ನಿ ಭಾರತಮ್ಮನವ್ರೆ,” ಎಂದರು. ಫ್ಲಾಸ್ಕಿನಿಂದ ಟೀ ಬಗ್ಗಿಸಿ ಕೊಟ್ಟರು. ಹಲಗೆಯ ಮೇಲೆ ಚೆಲ್ಲಿದ ಒಂದಿಷ್ಟನ್ನು ಬಲಗೈಯಿಂದ ಒರೆಸಿದರು.

ಆ ಕೈಯನ್ನು ಭಾರತಮ್ಮ ನೋಡಿದಳು. ಬಲಗೈಯ ತೋರುಬೆರಳು ನಡುಗಂಟಿನಿಂದಾಚೆ ಇರಲಿಲ್ಲ. ಹರೆಯದಲ್ಲಿ ಮಂಡಿಯ ಕಬ್ಬಿಣದ ಷಟರ್ ಬಿದ್ದು ಹೋದದ್ದು. ನೂರು ಸಲ ನೋಡಿದ ಬೆರಳು, ಇವತ್ತು ಮಾತ್ರ ಅವಳ ಕಣ್ಣು ಅಲ್ಲೇ ನಿಂತಿತು.

ಅವಳ ಅಪ್ಪ ಎತ್ತಿನ ವ್ಯಾಪಾರಕ್ಕೆ ಹೋಗುತ್ತಿದ್ದವನು. ಟವೆಲಿನ ಕೆಳಗೆ ಇಡೀ ಬೆರಳೆಂದರೆ ಒಂದು, ಮಡಿಸಿದ ಬೆರಳೆಂದರೆ ಅರ್ಧ ಎಂದು ಅವನೇ ಅವಳಿಗೆ ಕಲಿಸಿದ್ದ. ಹಬೀಬುಲ್ಲಾ ಎರಡೂವರೆ ಎಂದು ಹೇಳಿದ್ದನ್ನು ಮುರಳಿ, ಆ ಮೊಂಡು ಬೆರಳನ್ನು ಇಡೀ ಬೆರಳೆಂದೆಣಿಸಿ, ಮೂರು ಎಂದು ತಿಳಿದಿದ್ದ; ಹಾಗಾದರೆ ಎರಡೂವರೆ ಎಂಬ ಮಾತು ಹೊರಬಿದ್ದದ್ದು ಮುರಳಿಯ ಬಾಯಿಂದಲ್ಲ, ಈ ಹಲಗೆಯ ಮಂಚದ ಕಡೆಯಿಂದ.